ಏಳಲೊಲ್ಲದ ಫೈಲ್ ಸರ್ವರ್ ಅವರಿಗೆ, ಬಿನ್ನಿಪೇಟೆಯಿಂದ

ನಮ್ಮ ಫೋಟೊ ಪ್ರಿಂಟಿಂಗ್ ಅಂಗಡಿಯ ಮೂಲೆಯಲ್ಲಿ ಸ್ಟೆಬಿಲೈಸರ್ ಪಕ್ಕ ಆಸೀನರಾಗಿರುವ, ಯುನಿಕ್ಸ್ ಕುಲೋದ್ಭವರಾದ ಮಾನ್ಯರೇ,

ಹಣೆಯ ಕುಂಕುಮ ಇನ್ನೂ ಮಾಸದ ತಮಗೆ ಅನಂತ ನಮಸ್ಕಾರಗಳು. ನಮ್ಮ ಗಿರಾಕಿಗಳ ಫೋಟೊಗಳೆಲ್ಲ ಇರುವುದು ತಮ್ಮ ಹೊಟ್ಟೆಯಲ್ಲಿ. ತಾವು ಎದ್ದು ಹಂಚಿದರೆ ಅಂಗಡಿಯ ಮೂರು ಕಂಪ್ಯೂಟರ್‌ಗಳಿಗೂ ಕೆಲಸ, ಇಲ್ಲವಾದರೆ ನಾವು ನೊಣ ಹೊಡೆಯುತ್ತಾ ಕೂರಬೇಕು. ಇದನ್ನು ಚೆನ್ನಾಗಿ ಅರಿತೇ ತಾವು ಆಯುಧಪೂಜೆಯ ರಜೆ ಮುಗಿದ ಬೆಳಗ್ಗೆ ಏಳುವುದಿಲ್ಲವೆಂದು ಹಠ ಹಿಡಿದಿರಿ.

ಅದೂ ಎಂಥ ಬೆಳಗ್ಗೆ! ನಮ್ಮ ಗಿರಾಕಿ ಮುನಿತಾಯಮ್ಮನವರ ಅಕ್ಕ ಪಾಪಮ್ಮನ ಹನ್ನೊಂದನೇ ದಿನದ ಕಾರ್ಯ. ಅಕ್ಕತಂಗಿಯರಿಬ್ಬರೂ ಇಲ್ಲಿಯ ಗಿರಣಿಯಲ್ಲಿ ದುಡಿದು ಮುದುಕಿಯರಾದವರು. ಪಾಪಮ್ಮ ನಕ್ಕಿದ್ದು ಒಂದೇ ಫೋಟೊದಲ್ಲಿ, ಅದನ್ನೂ ಗೆದ್ದಲು ತಿಂದಿತ್ತು. ನಮ್ಮಲ್ಲಿ ಕೆಲಸ ಮಾಡುವ ಕೀರ್ತನಾ ಎರಡು ದಿನ ಕೂತು ಆ ಮುಖವನ್ನು ಸರಿಪಡಿಸಿ, ತಮ್ಮ ವಶಕ್ಕೊಪ್ಪಿಸಿ ಊರಿಗೆ ಹೋಗಿದ್ದಳು. ಎಂಟು ಗಂಟೆಗೇ ಹೂವಿನ ಹಾರ ಹಿಡಿದು ಬಂದ ಮುನಿತಾಯಮ್ಮ, "ಹನ್ನೆರಡಕ್ಕೆ ಎಡೆ ಇಡ್ತಾರೆ ಸಾರ್, ಅಷ್ಟರೊಳಗೆ ಕೊಡ್ತೀರಲ್ವಾ?" ಎಂದರು. ತಮ್ಮನ್ನು ನಂಬಿ ಮಾತು ಕೊಟ್ಟುಬಿಟ್ಟೆ.

ತಮ್ಮ ಉತ್ತರಗಳ ಸೊಬಗನ್ನು ಎಷ್ಟು ಹೊಗಳಲಿ! 'ಆರಂಭವಾಗಲಿಲ್ಲ, ಕಾರಣಕ್ಕೆ ಸ್ಥಿತಿ ನೋಡಿ' ಎಂದಿರಿ. ಸ್ಥಿತಿ ನೋಡಿದರೆ 'ವಿಫಲ, ವಿವರಕ್ಕೆ ಲಾಗ್ ನೋಡಿ' ಎಂದಿರಿ. ತಮ್ಮ ದಿನಚರಿಯಾದ ಆ ಲಾಗ್ ತೆರೆದರೆ ನಾನೂರು ಸಾಲು. ಟೇಬಲ್ಲಿಂದ ಟೇಬಲ್ಲಿಗೆ ಅಟ್ಟುವ ಗುಮಾಸ್ತರಾದರೂ ನಡುವೆ ಟೀ ಕುಡಿಯಲು ಎದ್ದು ಹೋಗುತ್ತಾರೆ, ತಾವು ಆ ಬಿಡುವನ್ನೂ ತೆಗೆದುಕೊಳ್ಳಲಿಲ್ಲ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ, ಊದುಬತ್ತಿ ಹಚ್ಚಿದೆ, ಕೊನೆಗೆ ತಲೆಗೊಂದು ಏಟೂ ಕೊಟ್ಟೆ. ಹನ್ನೊಂದೂವರೆಗೆ ಮುನಿತಾಯಮ್ಮ ಎದ್ದು, ಅಕ್ಕನ ಆಧಾರ್ ಕಾರ್ಡಿನಲ್ಲಿದ್ದ ಹೆಬ್ಬೆರಳಷ್ಟು ಚಿತ್ರವನ್ನೇ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿಕೊಂಡು ಹೋದರು. ಮೂಗುತಿಯೊಂದು ಬಿಟ್ಟರೆ ಅದರಲ್ಲಿ ಕಂಡದ್ದು ಬರೀ ಮಸಿ. ಹಾರ ಅದಕ್ಕೇ ಬಿತ್ತು.

ಎರಡು ಗಂಟೆಗೆ ಫೋನಿಗೆ ಸಿಕ್ಕ ಕೀರ್ತನಾ ನನ್ನಿಂದ ಲಾಗಿನ ಕೊನೆಯ ಸಾಲನ್ನು ಓದಿಸಿದಳು. ಆಗ ತಿಳಿಯಿತು, ತಮಗೆ ಬೇಕಾಗಿದ್ದದ್ದು ಒಂದು ಫೋಲ್ಡರ್. ಅದರೊಳಗೆ ಏನೂ ಇರಬೇಕಾಗಿಲ್ಲವಂತೆ, ಅದು ಅದರ ಜಾಗದಲ್ಲಿದ್ದರೆ ಸಾಕಂತೆ. ಮಾಡಿಕೊಟ್ಟ ಅರ್ಧ ನಿಮಿಷಕ್ಕೆ ಎದ್ದು, ಏನೂ ಆಗಿಲ್ಲವೆಂಬಂತೆ ಪಾಪಮ್ಮನ ನಗು ತೋರಿಸಿದಿರಿ. ಎಂಥ ಮಡಿವಂತಿಕೆ ಸ್ವಾಮಿ! ಸಾವಿರಾರು ಮುಖಗಳನ್ನು ಕಾಯುವ ತಾವು ಒಂದು ಖಾಲಿ ಡಬ್ಬಿಗಾಗಿ ಉಪವಾಸ ಕೂತಿರಿ.

ಇನ್ನು ಮುಂದೆ ಮುನಿಸಿಕೊಳ್ಳುವ ಮೊದಲು ಹದಿನೈದು ದಿನಗಳ ನೋಟಿಸ್ ಕೊಡಬೇಕೆಂದೂ, ಸಾಧ್ಯವಾದರೆ ಪಾಪಮ್ಮನ ಹನ್ನೊಂದನೇ ದಿನವನ್ನು ಇನ್ನೊಮ್ಮೆ ಕರೆತರಬೇಕೆಂದೂ ಪ್ರಾರ್ಥನೆ.

ಬೇರೆ ಗತಿಯಿಲ್ಲದ ತಮ್ಮ ವಿಶ್ವಾಸಿ,
ಕಾಂತರಾಜು

ಬರೆಯದೆ ಬಿಟ್ಟಿದ್ದು: ಪೂಜೆಯ ಹಿಂದಿನ ದಿನ ಅಂಗಡಿಯ ಧೂಳು ಹೊಡೆದ ಮೇಲೆ, ತಮ್ಮನ್ನು ನಿಲ್ಲಿಸಿ ಒಳಗನ್ನೂ ಚೊಕ್ಕ ಮಾಡೋಣವೆಂದು, ಖಾಲಿ ಕಂಡ ಫೋಲ್ಡರ್‌ಗಳನ್ನೆಲ್ಲ ಅಳಿಸಿದವನು ನಾನೇ. ಸಂಜೆ ಫೋಟೊ ಕೊಡಲು ಹೋದಾಗ ಮುನಿತಾಯಮ್ಮನಿಗೆ ಸರ್ವರ್ ಕೈಕೊಟ್ಟಿತೆಂದಷ್ಟೇ ಹೇಳಿದೆ. "ಹೋಗ್ಲಿ ಬಿಡಿ ಸಾರ್, ಮಿಷನ್ ತಾನೆ, ನಮ್ಮಕ್ಕನ್ ಬೆಲೆ ಅದಕ್ಕೇನ್ ಗೊತ್ತು" ಎಂದರು. ಹೌದೆಂದು ತಲೆಯಾಡಿಸಿ ಬಂದೆ.