ಮರದ ವ್ಯಾಪಾರದ ಹುಡುಗ

ಗೊಬ್ಬರ ಮಾಡುವವನು ಒಂದು ಹೇಳಿದರೆ ಕೇಳುವವರಿಗೆ ಇನ್ನೊಂದು ಕೇಳಿಸುತ್ತದೆ. ನನಗಂತೂ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ. ಸಾಗರದ ಸಾಮಿಲ್ಲುಗಳಿಂದ ಮರದ ಪುಡಿ ತಂದು, ಸಗಣಿ ಕಲಸಿ, ರಾಶಿ ಹಾಕಿ ಕೊಳೆಸಿ, ಗೊಬ್ಬರ ಮಾಡಿ ಮಾರುವುದು ನನ್ನ ಕಸುಬು. ಹೊಸನಗರ ದಾಟಿ ನಿಟ್ಟೂರಿಗೆ ಹೋಗುವ ದಾರಿಯಲ್ಲಿ ನನ್ನ ಶೆಡ್ಡು, ಅದರ ಪಕ್ಕದ ಕೋಣೆಯೇ ಮನೆ. ವಯಸ್ಸು ನಲವತ್ತೊಂದು, ಮದುವೆಯಾಗಿಲ್ಲ. ದಿನವಿಡೀ ಮಾತಾಡಲು ಆ ರಾಶಿ ಬಿಟ್ಟರೆ ಬೇರೆ ಯಾರೂ ಇಲ್ಲ.

೧. ಪೂರ್ತಿ ಕೊಳೆಯಿತು

ಮರದ ಪುಡಿ ಅಷ್ಟು ಸುಲಭಕ್ಕೆ ಕೊಳೆಯುವ ಜಾತಿಯಲ್ಲ. ಮೊದಲ ರಾಶಿ ತಿಂಗಳುಗಟ್ಟಲೆ ಸತಾಯಿಸಿ ಕೊನೆಗೊಮ್ಮೆ ಕಪ್ಪಾಯಿತು. ಆ ಖುಷಿಯಲ್ಲಿ ಬಸ್ಸಿನಲ್ಲಿ ಕೂತು ಸಾಮಿಲ್ಲಿನ ಸಾಹುಕಾರರಿಗೆ ಫೋನು ಮಾಡಿ ಕೂಗಿದೆ: "ಪೂರ್ತಿ ಕೊಳ್ತೋಯ್ತು! ಒಂಚೂರೂ ಉಳೀಲಿಲ್ಲ!"

ಅಡಿಕೆ ಸೀಮೆಯಲ್ಲಿ, ಅದೂ ಮಳೆಗಾಲದಲ್ಲಿ, ಕೊಳೆ ಎಂದರೆ ಅಡಿಕೆ ಕಾಯಿ ಮರದಲ್ಲೇ ಕೊಳೆತು ಉದುರುವ ರೋಗ. ಪಕ್ಕದಲ್ಲಿದ್ದ ಹಿರಿಯರು ನನ್ನ ಕೈ ಹಿಡಿದುಕೊಂಡರು. "ಎಂತ ಮಾಡದು ತಮಾ, ಎಲ್ಲರದ್ದೂ ಇದೇ ಕಥೆ. ಔಷಧಿ ಎಷ್ಟು ಸಲ ಹೊಡೆಸಿದ್ದೆ?"

"ಒಂದ್ಸಲನೂ ಇಲ್ಲ," ಎಂದೆ. ಸುಳ್ಳೇನಲ್ಲವಲ್ಲ!

ಅವರು ಕೈ ಇನ್ನೂ ಬಿಗಿಯಾಗಿ ಹಿಡಿದರು. ನಿಜ ಹೇಳಬೇಕಿತ್ತು. ಆದರೆ ಯಾರಾದರೂ ನನ್ನ ಕೈ ಹಿಡಿದು ಎಷ್ಟೋ ವರ್ಷಗಳಾಗಿದ್ದವು. ನನ್ನ ಸ್ಟಾಪು ಬಂದಾಗ ಕಂಡಕ್ಟರನ್ನು ಕರೆದು, ನಿಟ್ಟೂರಿನ ತನಕ ಟಿಕೆಟ್ ತೆಗೆದುಕೊಂಡೆ.

೨. ದೂರು

ರಾಶಿ ಒಳಗೊಳಗೇ ಬಿಸಿಯಾಗಿ ಬೆಳಿಗ್ಗೆ ಹಬೆಯಾಡುತ್ತದೆ. ಬೇಗ ಕೊಳೆಯಲೆಂದು ಬೆಲ್ಲದ ನೀರು ಬೇರೆ ಚಿಮುಕಿಸುತ್ತೇನೆ. ಹಬೆ ನೋಡಿದ, ಹುಳಿ ವಾಸನೆ ಮೂಸಿದ ಯಾರೋ ಪುಣ್ಯಾತ್ಮರು ನಾನು ಕಳ್ಳಭಟ್ಟಿ ಇಳಿಸುತ್ತೇನೆಂದು ದೂರು ಕೊಟ್ಟರು. ಪೊಲೀಸರೊಬ್ಬರು ಬಂದು ರಾಶಿಗೆ ಕೋಲು ಚುಚ್ಚಿ, ಕೋಲಿನ ತುದಿ ಮೂಸಿದರು.

"ಕುಡಿಯಕ್ಕೆ ಬರಲ್ವಾ?"

"ಇಲ್ಲ ಸಾರ್, ಗಿಡಕ್ಕೆ."

ಅವರ ಮುಖ ಬಾಡಿತು. ಚಹಾ ಮಾಡಿಕೊಟ್ಟೆ. ಇನ್ನೊಂದು ಲೋಟವೂ ಕೊಟ್ಟೆ. ಗೊಬ್ಬರದ ವಿದ್ಯೆಯನ್ನೆಲ್ಲ ಒಂದು ಗಂಟೆ ವಿವರಿಸಿದೆ. ಪಾಪ, ಕೇಳಿದರು. ಹೊರಟಾಗ, "ಇನ್ಯಾವಾಗ ಬರ್ತೀರಿ ಸಾರ್?" ಎಂದೆ.

"ದೂರು ಬಂದ್ರೆ ಬರ್ತೀನಪ್ಪಾ."

ಎರಡು ತಿಂಗಳು ಕಾದೆ. ನಮ್ಮ ಜನಕ್ಕೆ ನೆಟ್ಟಗೆ ಇನ್ನೊಂದು ದೂರು ಕೊಡಲೂ ಬರುವುದಿಲ್ಲ.

೩. ಒಪ್ಪಿಗೆ

ಮದುವೆ ಬ್ರೋಕರ್ ತೀರ್ಥಹಳ್ಳಿಯ ಹೆಣ್ಣಿನ ಕಡೆಯವರಿಗೆ ನನ್ನದು 'ಮರದ ವ್ಯಾಪಾರ' ಅಂದಿದ್ದ. ನನಗೆ, ಹುಡುಗಿ 'ನರ್ಸರಿಯಲ್ಲಿ' ಇದ್ದಾಳೆ ಅಂದಿದ್ದ. ಗೊಬ್ಬರದವನಿಗೆ ಗಿಡದವಳು! ಶೆಡ್ಡನ್ನು ಮೂರು ಸಲ ಗುಡಿಸಿದೆ. ಈ ಸಲವಾದರೂ ಆಗಲಿ ಎಂದು ದೇವರಿಗೂ ಹೇಳಿಕೊಂಡೆ.

ಮನೆ ನೋಡಲು ತಂದೆ, ಮಗಳು ಬಂದರು. ತಂದೆ ಸುತ್ತ ಕಣ್ಣಾಡಿಸಿ, "ಮರ ಎಲ್ಲಿ?" ಎಂದರು. ರಾಶಿ ತೋರಿಸಿದೆ. ಅವರು ಹೆಗಲ ಟವೆಲನ್ನು ಮೂಗಿಗೆ ಹಿಡಿದರು. ಮಾತು ಮರೆಸಲು ಮಗಳನ್ನು ಕೇಳಿದೆ: "ನಿಮ್ಮ ನರ್ಸರೀಲಿ ಎಷ್ಟಿದಾವೆ?"

"ಇಪ್ಪತ್ತೆರಡು."

"ದಿನಕ್ಕೆ ಎಷ್ಟು ಸಲ ನೀರು ಬಿಡ್ತೀರಿ?"

"ನಾವೆಂತ ಬಿಡದು? ಅವೇ ಬಿಡ್ತಾವೆ. ಚಡ್ಡಿ ಬದಲ್ಸೋದು ನಮ್ಮ ಕೆಲಸ."

ಅವಳು ಚಿಕ್ಕ ಮಕ್ಕಳ ಟೀಚರ್! ನನ್ನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಆ ಶೆಡ್ಡಿನಲ್ಲಿ ಇಬ್ಬರು ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಹೊರಡುವಾಗ ಅವಳು ಒಂದು ಹಿಡಿ ಗೊಬ್ಬರ ಎತ್ತಿ, ಉದುರಿಸಿ ನೋಡಿ, "ಚೆನ್ನಾಗಿದೆ ಅಪ್ಪಾ," ಎಂದಳು.

ನಾಲ್ಕನೇ ದಿನ ಬ್ರೋಕರ್ ಫೋನು ಮಾಡಿದ. "ಒಪ್ಪಿಗೆ ಆಯ್ತು ಮಾರಾಯ!"

"ಯಾವಾಗ ಅಂತೆ?"

"ನಾಳೆನೇ ಕಳಿಸ್ಬೇಕಂತೆ. ಹತ್ತು ಮೂಟೆ ಗೊಬ್ಬರ, ಅವರ ತೋಟಕ್ಕೆ."

"ಮತ್ತೆ... ನಾನು?"

"ನಿನ್ ವಿಷಯ ಹುಡುಗಿ ಇನ್ನೂ ಎಂತದೂ ಹೇಳ್ಲಿಲ್ವಂತೆ."

ಬೇಜಾರಾಯಿತು, ಇಲ್ಲವೆನ್ನುವುದಿಲ್ಲ. ಮರುದಿನ ಬೆಳಿಗ್ಗೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಗಾಡಿಗೆ ಮೂಟೆ ಹೇರಿದೆ. ಒಂಬತ್ತೇ ಹೇರಿದೆ. ಹತ್ತನೆಯದನ್ನು ಕೊಡಲು ಇನ್ನೊಮ್ಮೆ ಹೋಗಬೇಕಲ್ಲ!