ನೂಲು ಕಡಿದರೆ ನಿಲ್ಲುವ ಮಗ್ಗ

ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಲು ನಮ್ಮ ನೆಂಟರಿಷ್ಟರಲ್ಲಿ ಈಗ ಯಾರೂ ಒಪ್ಪುವುದಿಲ್ಲ. ತಪ್ಪು ಅವರದಲ್ಲ. ಎಲ್ಲೋ ಒಂದು ಕಿರ್ ಎಂದರೆ ಸಾಕು, ಹಿಂದಿನ ಸೀಟಿನಿಂದ ನಿಲ್ಲಿಸಿ ಎಂದುಬಿಡುತ್ತೇನೆ. ಕುಶಾಲನಗರದಿಂದ ಮಡಿಕೇರಿ ಮುಟ್ಟುವುದರೊಳಗೆ ನಾಲ್ಕು ಸಲ ಇಳಿದು ಬಾನೆಟ್ ಎತ್ತಿದರೆ ಎಂಥ ಸಾಧುವಿಗೂ ತಲೆ ಕೆಡುತ್ತದೆ. ಒಮ್ಮೆ ಕಿರುಗುಟ್ಟಿದ್ದು ನನ್ನದೇ ಕನ್ನಡಕದ ಡಬ್ಬಿ ಎಂದು ಗೊತ್ತಾಗಿ ಮಗಳು ಮೂರು ದಿನ ಮಾತು ಬಿಟ್ಟಿದ್ದಳು. ಅಳಿಯ ಮಾತ್ರ ತಾಳ್ಮೆಯವನು. ಅವನದು ಜಪಾನಿ ಕಂಪನಿಯ ಕಾರು. ಅದರ ಮೇಲಿರುವಷ್ಟು ನಂಬಿಕೆ ಅವನಿಗೆ ಮನೆದೇವರ ಮೇಲೂ ಇಲ್ಲ. ಮಗ್ಗ ಮಾಡುತ್ತಿದ್ದ ಮನೆತನ ಕಾರಿಗೆ ಕೈಹಾಕಿ, ಯುದ್ಧ ಸೋತ ದೇಶದಲ್ಲಿ ಇನ್ನೇನು ಬಾಗಿಲು ಮುಚ್ಚುವ ಸ್ಥಿತಿಗೆ ಬಂದು, ಮತ್ತೆ ಎದ್ದು ಲೋಕವನ್ನೇ ಗೆದ್ದ ಕಥೆಯನ್ನು ಎಷ್ಟೋ ಸಲ ಹೇಳಿದ್ದಾನೆ. ನಾನು ಹೊಸದೆಂಬಂತೆ ಕೇಳುತ್ತೇನೆ. ಆ ಕಥೆಯ ಮೊದಲ ಭಾಗ ಅವನು ಹುಟ್ಟುವ ಮುಂಚೆಯೇ ನನಗೆ ಗೊತ್ತಿತ್ತು.

ಆಗ ಕೊಡಗು ಇನ್ನೂ ತನ್ನದೇ ಒಂದು ರಾಜ್ಯ. ಕೊಡ್ಲಿಪೇಟೆಯಿಂದ ಬಂದ ನಾನು ಮಡಿಕೇರಿಯ ಒಂದು ಬಸ್ ಕಂಪನಿಯ ಶೆಡ್ಡಿನಲ್ಲಿ ರೈಟರ್, ಎಂದರೆ ಗುಮಾಸ್ತ. ಬೆಳಿಗ್ಗೆ ಬಸ್ ಹೊರಡುವ ಮೊದಲು ಚೀಟಿಗೆ ಸಹಿ ಹಾಕುವುದು ನನ್ನ ಕೆಲಸ. ಹೊರಡಿಸಲು ನನ್ನ ಸಹಿ ಸಾಕಾಗಿತ್ತು. ನಿಲ್ಲಿಸಲು ಮಾತ್ರ ಧಣಿಗಳೇ ಅಪ್ಪಣೆ ಕೊಡಬೇಕಿತ್ತು. ಭಾಗಮಂಡಲದ ಬಸ್ಸಿಗೆ ಉತ್ತಯ್ಯನವರು ಡ್ರೈವರ್. ಸೈನ್ಯದಲ್ಲಿ ಲಾರಿ ಓಡಿಸಿದವರು. ಯುದ್ಧ ಮುಗಿದ ಮೇಲೆ ಕಾವಲಿಗೆಂದು ಜಪಾನಿಗೆ ಹೋದ ದಂಡಿನಲ್ಲಿದ್ದವರು. ಅಲ್ಲಿಂದ ಅವರು ತಂದದ್ದು ಒಂದು ಕಾಗದದ ಬೀಸಣಿಗೆ, ಒಂದು ಮಗ್ಗದ ಸುದ್ದಿ. ಆ ಮಗ್ಗದಲ್ಲಿ ಒಂದೇ ನೂಲು ಕಡಿದರೂ ಅದು ತಾನಾಗಿ ನಿಂತುಬಿಡುತ್ತದಂತೆ, ಯಾರ ಅಪ್ಪಣೆಗೂ ಕಾಯುವುದಿಲ್ಲವಂತೆ. ಅದನ್ನು ಮಾಡಿದ ಮನೆಯವರೇ ಈಗ ಲಾರಿ ಮಾಡುತ್ತಿದ್ದಾರೆ, ಮುಂದೆ ಅವರದೇ ಕಾಲ ಎನ್ನುತ್ತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಜಪಾನ್ ಮಾಲು ಎಂದರೆ ಆಗ ಅಂಗಡಿಯಿಂದ ಮನೆಗೆ ತರುವುದರೊಳಗೆ ಮುರಿಯುವ ಆಟದ ಸಾಮಾನು. ನೂಲು ಕಡಿದಾಗಲೆಲ್ಲ ನಿಂತರೆ ಸೀರೆ ಮುಗಿಯುವುದು ಯಾವ ಕಾಲಕ್ಕೆ ಎಂದು ಎಲ್ಲರಿಗಿಂತ ಹೆಚ್ಚು ಗೇಲಿ ಮಾಡುತ್ತಿದ್ದವನು ನಾನೇ.

ಒಂದು ಬೆಳಿಗ್ಗೆ ಧಣಿಗಳು ಮೈಸೂರಿಗೆ ಹೋಗಿದ್ದರು. ಉತ್ತಯ್ಯನವರು ಚೀಟಿ ಹಿಡಿದುಕೊಂಡು ಬಂದರು.

"ರೈಟ್ರೇ, ಬ್ರೇಕ್ ಒಂದೇ ಸಲಕ್ಕೆ ಹಿಡೀತಾ ಇಲ್ಲ, ಎರಡೆರಡು ಸಲ ಒತ್ತಬೇಕು. ಇವತ್ತು ಬಸ್ ನಿಲ್ಲಿಸುವ."

"ನಾಳೆ ಧಣಿಗಳು ಬರ್ತಾರೆ, ಕೇಳಣ. ಇದು ನಿಮ್ಮ ಮಗ್ಗ ಅಲ್ಲ ಉತ್ತಯ್ಯನೋರೆ, ಬಸ್ಸು. ಏನೂ ಆಗಲ್ಲ, ಹೊರಡಿ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು, ಅವರೂ ನಕ್ಕರು. ಸೈನ್ಯದಲ್ಲಿದ್ದವರು ನೋಡಿ, ಗುಮಾಸ್ತನ ಮಾತನ್ನೂ ಹುಕುಂ ಎಂದೇ ತಿಳಿದರು. ಬೆಟ್ಟಗೇರಿ ಕಡೆಯ ಇಳಿಜಾರಿನ ತಿರುವಿನಲ್ಲಿ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯಲೇ ಇಲ್ಲ. ಎಡಕ್ಕೆ ಕಣಿವೆ, ಬಲಕ್ಕೆ ಬರೆ, ರಸ್ತೆಗೆಂದು ಗುಡ್ಡ ಕಡಿದ ಮಣ್ಣಿನ ಗೋಡೆ. ಅವರು ಬಸ್ಸನ್ನು ಬರೆಗೆ ಕೊಟ್ಟರು, ಅಂದರೆ ತಾವು ಕೂತ ಬದಿಯನ್ನು ಕೊಟ್ಟರು. ಉಳಿದವರೆಲ್ಲ ಮೈಕೈ ತರಚಿಕೊಂಡು ಇಳಿದು ಬಂದರು.

ಉತ್ತಯ್ಯನವರ ಮನೆಯಲ್ಲಿ ಸಾವು ಸಾರುವ ಎರಡು ಗುಂಡು ಹಾರಿದಾಗ ನಾನು ಇನ್ನೂ ದಾರಿಯಲ್ಲಿದ್ದೆ. ಅಂಗಳ ಹೊಕ್ಕರೆ ಅವರ ಹೆಂಡತಿಗೆ ಯಾರೋ ನನ್ನನ್ನು ತೋರಿಸಿದರು. "ರೈಟ್ರು ನೀವಾ? ಶೆಡ್ಡಲ್ಲಿ ನಗಿಸುವುದು ನೀವೊಬ್ಬರೇ ಅಂತ ಹೇಳ್ತಾ ಇದ್ರು" ಎಂದರು ಆಕೆ. ಅಂದು ಬೆಳಿಗ್ಗೆಯೂ ನಗಿಸಿಯೇ ಕಳಿಸಿದ್ದೆ ಎಂದು ಆಕೆಗೆ ಹೇಳದೆ ಗಂಡಸರ ಸಾಲಿನಲ್ಲಿ ಹೋಗಿ ಕೂತೆ. ಆ ಸಂಕಟ ಈಗಲೂ ಹಾಗೇ ಇದೆ. ಮೈಸೂರಿನಿಂದ ಬಂದ ಧಣಿಗಳು, ತಮ್ಮನ್ನು ಕೇಳದೆ ಬಸ್ ನಿಲ್ಲಿಸದ ನನ್ನ ನಿಷ್ಠೆಗೆ ಬೆನ್ನು ತಟ್ಟಿ, ನನ್ನನ್ನು ಮ್ಯಾನೇಜರ್ ಮಾಡಿದರು. ಬಸ್ ನಿಲ್ಲಿಸುವ ಅಧಿಕಾರವನ್ನೂ ಕೊಟ್ಟರು. ಆಮೇಲೆ ನೋಡಬೇಕಿತ್ತು ನನ್ನ ಆಡಳಿತ. ಹಾರ್ನ್ ಸಣ್ಣಗಿದೆ, ನಿಲ್ಲಿಸಿ. ಸೀಟು ಹರಿದಿದೆ, ನಿಲ್ಲಿಸಿ. ಭಾಗಮಂಡಲದ ಅರ್ಚಕರು ನಡೆದೇ ಹೋಗುವುದನ್ನು ರೂಢಿ ಮಾಡಿಕೊಂಡರು. ಆರು ತಿಂಗಳು ಕಳೆಯುವುದರೊಳಗೆ ಧಣಿಗಳು ನನ್ನನ್ನೇ ನಿಲ್ಲಿಸಿದರು.

ಹೋದ ವಾರ ಅಳಿಯನೊಂದಿಗೆ ಅದೇ ದಾರಿಯಲ್ಲಿ ಹೋಗಬೇಕಾಯಿತು. ಬೆಟ್ಟಗೇರಿ ಕಡೆಯ ಆ ತಿರುವು ಬಂತು. ಕಾರು ಒಂದಿಷ್ಟೂ ಸದ್ದು ಮಾಡಿರಲಿಲ್ಲ. ಆದರೂ ನಿಲ್ಲಿಸು ಎಂದೆ. ಅವನು ಪಾಪ, ನಿಲ್ಲಿಸಿ ಬಾನೆಟ್ ಎತ್ತಿದ. ಬರೆಯ ಮೇಲೆ ಜರಿಗಿಡ ದಟ್ಟವಾಗಿ ಬೆಳೆದಿತ್ತು. ಅದನ್ನೇ ನೋಡುತ್ತ ನಿಂತಿದ್ದ ನನಗೆ ಅಳಿಯ ಸಮಾಧಾನ ಹೇಳುವಂತೆ ತನ್ನ ಕಾರಿನ ಕಂಪನಿಯ ಇನ್ನೊಂದು ಸಂಗತಿ ಹೇಳಿದ: ಅಲ್ಲಿ ಕೆಲಸಗಾರರ ತಲೆಯ ಮೇಲೆ ಒಂದು ಹಗ್ಗ ಇರುತ್ತದಂತೆ, ತಪ್ಪು ಕಂಡವರು ಯಾರು ಬೇಕಾದರೂ ಎಳೆದು ಕೆಲಸ ನಿಲ್ಲಿಸಬಹುದಂತೆ. "ನೀವು ಅಲ್ಲಿರ್ಬೇಕಿತ್ತು ಮಾವ" ಎಂದು ನಕ್ಕ. ಆಮೇಲೆ ಏನು ಕೇಳಿಸಿತೆಂದು ವಿಚಾರಿಸಿದ.

"ಏನೂ ಆಗಲ್ಲ, ಹೊರಡು" ಎಂದೆ. ಅಂದು ಶೆಡ್ಡಿನಲ್ಲಿ ಆಡಿದ ಮಾತೇ ಅದು. ಈ ಸಲ ನಿಜವಾಯಿತು. ಕಾರು ಅಷ್ಟು ಚೆನ್ನಾಗಿತ್ತು.