ಅರ್ಧಕ್ಕೇ ನಿಂತ ಪಿನ್ನು

"ಒಂದು ಕೇಬಲ್ಲಿಗೆ ಭಾನುವಾರದ ತನಕ ಕಾಯಬೇಕೇನ್ರೀ? ನಾನೇ ತಂದು ನಾನೇ ಸಿಕ್ಕಿಸ್ತೀನಿ!" ಎಂದು ಮಂಗಳವಾರ ಬೆಳಿಗ್ಗೆ ಇವರ ಮುಂದೆ ಘೋಷಿಸಿದೆ. ಎಂ.ಎಸ್ಸಿ. ಓದಿದವಳು ನಾನು. ಕಂಪ್ಯೂಟರಿನಿಂದ ಸ್ಪೀಕರಿಗೆ ಹೋಗುವ ಒಂದು ಮಾರು ತಂತಿ ನನಗೆ ಯಾವ ಲೆಕ್ಕ!

ಹಳೆಯದನ್ನು ಎಳೆದು ಕಿತ್ತವಳು ನಮ್ಮ ಒಂಬತ್ತು ತಿಂಗಳ ಮಗಳು. ನಷ್ಟವೂ ಅವಳದೇ. ಹೊಸ ನೌಕರರಿಗೆಂದು ಇವರು ರೆಕಾರ್ಡ್ ಮಾಡಿಟ್ಟ 'ಗ್ರಾಹಕರ ದೂರು ಮತ್ತು ನಾವು' ಎಂಬ ಒಂದು ಗಂಟೆಯ ಭಾಷಣ ಕೇಳದೆ ಅವಳು ಮಧ್ಯಾಹ್ನ ಮಲಗುವುದಿಲ್ಲ. ಕೇಳಿದರೆ ನಾಲ್ಕನೇ ನಿಮಿಷಕ್ಕೆ ನಿದ್ದೆ ಗ್ಯಾರಂಟಿ! ಆಗಲೇ ನಾನು ಆಫೀಸಿನ ಕೆಲಸ ಮಾಡಬೇಕು; ಶುಕ್ರವಾರ ಸಂಜೆಯೊಳಗೆ ವರದಿ ಹೋಗದಿದ್ದರೆ ಆ ಕೆಲಸ ಬೇರೆಯವರ ಪಾಲು. ಮೊಬೈಲಿನಲ್ಲಿ ಹಾಕಬಹುದಲ್ಲ ಎನ್ನಬೇಡಿ. ಮಗುವಿನ ಕೋಣೆಗೆ ಮೊಬೈಲ್ ನಿಷಿದ್ಧ. ಶಾಸನ ನನ್ನದೇ.

ಕೇಬಲ್ ಕಿತ್ತ ಸೋಮವಾರ ಸಂಜೆಯೇ ನಾನು ಎಚ್ಚೆತ್ತೆ. ಇವತ್ತು ತಂತಿ, ನಾಳೆ ಪ್ಲಗ್ಗಿಗೆ ಬೆರಳು! ಟೇಪು, ಹತ್ತಿ, ಪೆನ್ಸಿಲ್ ಹಿಡಿದು ಮನೆಯೆಲ್ಲ ತೆವಳಿದೆ. ಪ್ಲಗ್ಗುಗಳಿಗೆ ಟೇಪು, ಬೀರುವಿನ ಬೀಗದ ಕಂಡಿಯಿಂದ ಹಿಡಿದು ಮಗುವಿನ ಎತ್ತರದಲ್ಲಿ ಕೈಗೆ ತಗುಲಿದ ತೂತುಗಳಿಗೆಲ್ಲ ಪೆನ್ಸಿಲಿನಿಂದ ಒತ್ತಿದ ಹತ್ತಿ! ಕೋಟೆ ಭದ್ರಪಡಿಸಿದ ರಾಣಿಯಂತೆ ಮಲಗಿದೆ.

ಮಂಗಳವಾರ ತಂದ ಹೊಸ ಕೇಬಲ್ಲಿನೊಡನೆ ಮೇಜಿನಡಿ ನುಸುಳಿ, ಸೌಂಡ್ ಕಾರ್ಡಿನ ಹಸಿರು ತೂತಿಗೆ ಪಿನ್ನು ಸಿಕ್ಕಿಸಿದೆ. ಅರ್ಧಕ್ಕೇ ನಿಂತಿತು! ಮಗಳನ್ನು ಸೊಂಟಕ್ಕೇರಿಸಿಕೊಂಡು ಮತ್ತೆ ಅಂಗಡಿಗೆ ಓಡಿದೆ.

"ಇದು ದಪ್ಪ ಆಯ್ತು. ಸ್ವಲ್ಪ ತೆಳ್ಳಗಿರೋದು ಕೊಡಿ."

"ಮೇಡಂ, ಇದೇನು ಚಪ್ಪಲಿನಾ, ಕಾಲು ನೋಡಿ ಕೊಡೋಕೆ?" ಎಂದರು ಅಂಗಡಿಯವರು. "ಎಲ್ಲದಕ್ಕೂ ಒಂದೇ ಅಳತೆ."

"ನಮ್ಮ ಕಂಪ್ಯೂಟರ್ ಬೇರೆ ಥರ!"

ಬುಧವಾರ ಬೇರೆ ಕಂಪನಿಯದು. ಅದೂ ಅರ್ಧಕ್ಕೇ ಮುಷ್ಕರ ಹೂಡಿತು. ಗುರುವಾರದ್ದೂ ಅಷ್ಟೇ. ಮಗಳಿಗೆ ನಿದ್ದೆಯಿಲ್ಲ, ವರದಿಯಲ್ಲಿ ಶೀರ್ಷಿಕೆ ಬಿಟ್ಟು ಏನೂ ಇಲ್ಲ.

"ನಾಳೆ ರಜಾ ಹಾಕಿ ನಾನೇ ಭಾಷಣ ಮಾಡ್ಲೇನೇ?" ಎಂದರು ಇವರು.

"ಬೇಡಪ್ಪಾ! ನಿಮ್ಮ ಮುಖ ಕಂಡ್ರೆ ಅವಳು ಕುಣಿಯೋಕೆ ಶುರು ಮಾಡ್ತಾಳೆ."

ಆದರೂ ಇವರು ರಜಾ ಹಾಕಿದರು. ಶುಕ್ರವಾರ, "ಆ ಕಂಪ್ಯೂಟರಿನ ದರ್ಶನ ಆಗ್ಲೇಬೇಕು" ಎನ್ನುತ್ತ ಅಂಗಡಿಯವರೇ ಬಂದರು. ಇವರು ಟಾರ್ಚ್ ಬಿಟ್ಟರು, ಅವರು ಚಿಮಟ ಹಾಕಿ ಎಳೆದರು. ಉದ್ದಕ್ಕೆ, ಬೆಳ್ಳಗೆ, ಬರುತ್ತಲೇ ಇತ್ತು!

"ಹತ್ತಿ! ಯಾರು ಮೇಡಂ ತುರುಕಿದ್ದು?"

ನಾನು ಮಗಳತ್ತ ನೋಡಿ, "ತುಂಬಾ ತುಂಟಿ" ಎಂದೆ.

"ಹೌದೌದು," ಎಂದರು ಇವರು. "ಒಂಬತ್ತು ತಿಂಗಳಿಗೇ ಪೆನ್ಸಿಲ್ ಹಿಡಿದುಬಿಟ್ಟಿದ್ದಾಳೆ!"

ಮೊದಲ ದಿನದ ಕೇಬಲ್ಲೇ ಸಲೀಸಾಗಿ ಒಳಗೆ ಹೋಯಿತು. ಸ್ಪೀಕರಿನಲ್ಲಿ ಇವರ ಗಂಭೀರ ಧ್ವನಿ: "ದೂರು ಬಂದಾಗ, ತಪ್ಪು ನಮ್ಮ ಕಡೆಯೇ ಇರಬಹುದೇ ಎಂದು ಮೊದಲು ನೋಡಿಕೊಳ್ಳಬೇಕು..."

ನಾಲ್ಕನೇ ನಿಮಿಷಕ್ಕೆ ಮಗಳು ಮಲಗಿದಳು. ವರದಿ ಬರೆಯುತ್ತ, ಉಳಿದ ಐವತ್ತಾರು ನಿಮಿಷವನ್ನು ತಲೆತಗ್ಗಿಸಿ ಕೇಳಿದವಳು ನಾನು. ಆಫ್ ಮಾಡಿದರೆ ಮಗು ಏಳುತ್ತದಲ್ಲ!